ಹಿಡಿದ ಕಾಲನ್ನು ಅಣಕಿಸಿದವನ ಹತ್ತು ವರ್ಷ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಿಗ್ಗಾವಿಯ ಮೈದಾನದಲ್ಲಿ ಮೀನಖಂಡ ಹಿಡಿದು ನೆಲಕ್ಕೆ ಕುಳಿತ ಒಬ್ಬ ಹೆಣ್ಣುಮಗಳನ್ನು ನಾನು ಎಲ್ಲರ ಮುಂದೆ ಅಣಕಿಸಿದೆ. ಅವಳ ಹಾಗೆಯೇ ಹಲ್ಲು ಕಚ್ಚಿ, ಅವಳ ಹಾಗೆಯೇ ಎರಡೂ ಕೈಯಿಂದ ಕಾಲು ಅವುಚಿಕೊಂಡು, ಅವಳ ದನಿಯಲ್ಲೇ ‘ಯವ್ವಾ’ ಅಂದೆ. ಬ್ಯಾಚಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವಳು ಎದ್ದಳು, ಓಡಿದಳು. ಮುಂದಿನ ತಿರುವಿನಲ್ಲಿ ಅವಳ ಮೀನಖಂಡದೊಳಗೆ ಏನೋ ಹರಿಯಿತು. ಓಟದ ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು.

ಇದನ್ನು ಕೊನೆಗೆ ಇಟ್ಟುಕೊಳ್ಳಬಹುದಿತ್ತು. ಮೊದಲು ನನ್ನ ಜಾಣತನದ ನಾಲ್ಕು ಪ್ರಸಂಗ ಹೇಳಿ, ನಿಮ್ಮಿಂದ ಶಹಬ್ಬಾಸ್ ಅನ್ನಿಸಿಕೊಂಡು, ಆಮೇಲೆ ಮೆಲ್ಲಗೆ ತಪ್ಪಿನ ಕಡೆ ಹೊರಳಬಹುದಿತ್ತು. ಆದರೆ ಇದನ್ನು ಓದುವವರು ನಾಳೆ ಕೊರಳಿಗೆ ಸೀಟಿ ಹಾಕಿಕೊಂಡು ಮೈದಾನಕ್ಕೆ ಇಳಿಯುವವರು. ಕಾಲಿನ ಬಗ್ಗೆ ಬುದ್ಧಿ ಹೇಳುತ್ತಿರುವವನು ಎಂಥವನು ಎಂಬುದು ನಿಮಗೆ ಮೊದಲೇ ಗೊತ್ತಿರಲಿ.

ಮೂವತ್ತಮೂರಕ್ಕೆ ನಿವೃತ್ತಿ ಅಂದರೆ ನಮ್ಮವ್ವನೇ ನಗುತ್ತಾಳೆ. ‘ಪಿಂಚಣಿ ಯಾವಾಗಿಂದ ಸುರು ಆಕ್ಕೈತೋ ಮಂಗ್ಯಾ?’ ಅನ್ನುತ್ತಾಳೆ. ಬಲ ಮೊಣಕಾಲು ಸವೆದಿದೆ, ಇನ್ನು ಓಡಬೇಡ ಅಂತ ಡಾಕ್ಟರು ಹೇಳಿದ ಮೇಲೆ ಬಿಟ್ಟೆ. ಪೊಲೀಸ್, ಸೇನೆ, ಅರಣ್ಯ ಕಾವಲು, ಇಂಥ ನೌಕರಿಗಳಿಗೆ ಓಟದ ಪರೀಕ್ಷೆ ಇರುತ್ತದೆ. ಅದಕ್ಕೆ ಜನರನ್ನು ಓಡಿಸಿ ತಯಾರು ಮಾಡುವ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ನಾನು ಹತ್ತು ವರ್ಷ ಓಟದ ಮಾಸ್ತರ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು, ನಾಲ್ಕೂ ಊರಿನಲ್ಲಿ ಬ್ಯಾಚು. ಬೆಳಿಗ್ಗೆ ಒಂದೂರು, ಸಂಜೆ ಒಂದೂರು, ನಡುವೆ ನನ್ನ ಮೋಟರ್ ಸೈಕಲ್ಲು. ನಾನಿಲ್ಲದ ದಿನ ಬ್ಯಾಚಿನವರು ತಾವೇ ಓಡಬೇಕು. ಬಡ್ತಿಯ ಬಗ್ಗೆ ಬರೆಯಲು ಏನೂ ಇಲ್ಲ. ಸೇರಿದ ದಿನ ಒಂದು ಸೀಟಿ ಕೊಟ್ಟರು, ಬಿಟ್ಟ ದಿನ ವಾಪಸು ಇಸಿದುಕೊಂಡರು.

ಈ ಕೆಲಸಕ್ಕೆ ನನಗಿದ್ದ ಅರ್ಹತೆ ಏನೆಂದರೆ, ಕಬಡ್ಡಿ ಆಡುವಾಗ ಕಾಲು ಹಿಡಿದಂತೆ ನಟಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ಭಾಗದಲ್ಲಿ ಇರಲಿಲ್ಲ. ಬಲ್ಲವರಿಗೆ ಗೊತ್ತು, ನಮ್ಮ ತಂಡ ಏದುಸಿರು ಬಿಡುತ್ತಿದ್ದಾಗ ಒಬ್ಬ ಬಿದ್ದು ಒದ್ದಾಡಿದರೆ ಆಟ ನಿಲ್ಲುತ್ತದೆ, ಉಳಿದವರಿಗೆ ಉಸಿರು ಸಿಗುತ್ತದೆ. ಆ ಬೀಳುವ ಕೆಲಸ ನನ್ನದು. ನಾನು ಯಾರ್ಯಾರಿಗೆ ಹೇಗೆ ಹಿಡಿಯುತ್ತದೆ ಅಂತ ನೋಡಿ ನೋಡಿ ಕಲಿತಿದ್ದೆ. ಒಬ್ಬ ಮೆಣಸಿನಕಾಯಿ ಕಚ್ಚಿದವನಂತೆ ಬಾಯಿ ಬಿಡುತ್ತಾನೆ, ಇನ್ನೊಬ್ಬ ಸತ್ತ ಅಜ್ಜಿಯನ್ನು ಕರೆಯುತ್ತಾನೆ. ಎಲ್ಲ ನನಗೆ ಬಾಯಿಪಾಠ. ಸವಣೂರಿನ ಒಂದು ಪಂದ್ಯದಲ್ಲಿ ವಯಸ್ಸಾದ ಅಂಪಾಯರೊಬ್ಬರು ಬಂದು ನನ್ನ ಪಕ್ಕ ಕುಕ್ಕರಗಾಲಲ್ಲಿ ಕುಳಿತರು. ಎಲ್ಲರಂತೆ ಮುಖ ನೋಡಲಿಲ್ಲ. ಸುಮ್ಮನೆ ಮೀನಖಂಡದ ಮೇಲೆ ಅಂಗೈ ಇಟ್ಟರು. ಅದು ಹಣ್ಣಾದ ಪೇರಲದಂತೆ ಮೆತ್ತಗಿತ್ತು.

‘ತಮ್ಮಾ, ಹಿಡದದ್ದು ನಿನ್ನ ಮಾರಿಗಿ. ಕಾಲಿಗೇನೂ ಹಿಡದಿಲ್ಲ. ಏಳ.’

ಊರೆಲ್ಲ ನಕ್ಕಿತು, ನಾನೂ ನಕ್ಕೆ. ಆ ನಗುವಿನಲ್ಲಿ ಪಾಠ ಬಿಟ್ಟುಹೋಯಿತು. ನಿಜವಾಗಿ ಹಿಡಿದ ಸ್ನಾಯು ಚರ್ಮದ ಕೆಳಗೆ ಗಂಟಾಗಿ, ಕಲ್ಲಾಗಿ ನಿಲ್ಲುತ್ತದೆ. ಕೆಲವೊಮ್ಮೆ ಒಳಗೆ ಇಲಿ ಓಡಾಡಿದಂತೆ ಕಾಣುತ್ತದೆ. ಅದನ್ನು ಯಾವ ನಟನೂ ಮಾಡಿ ತೋರಿಸಲಾರ. ನೋವು ನಿಜವೋ ಸುಳ್ಳೋ ಅಂತ ತೀರ್ಮಾನಿಸುವ ಮೊದಲು ಕಾಲು ನೋಡಿ. ಇಪ್ಪತ್ತೊಂದನೇ ವಯಸ್ಸಿಗೇ ನನಗೆ ಇದು ಗೊತ್ತಾಗಿತ್ತು. ಬೇಕಾದ ದಿನ ನೆನಪಾಗಲಿಲ್ಲ.

ಕೇಂದ್ರದ ಯಜಮಾನರನ್ನು ನಾವೆಲ್ಲ ದೊಡ್ಡ ಸರ್ ಅನ್ನುತ್ತಿದ್ದೆವು. ಸೇನೆಯಿಂದ ನಿವೃತ್ತರು. ಜರಡಿಯಲ್ಲಿ ಉಸುಕು ಆಡಿಸಿದಂಥ ದನಿ. ಪ್ರತಿ ಮಾತಿನ ತುದಿಗೆ ‘ತಿಳೀತ?’ ಅಂತ ಒಂದು ಮೊಳೆ ಹೊಡೆಯುತ್ತಿದ್ದರು. ‘ಓಡೂತನಕ ನೀರು ಮುಟ್ಟಬಾರದು, ತಿಳೀತ? ಕಾಲು ಹಿಡದ್ರ ಹಸಿ ಟವೆಲ್ ತಗೊಂಡು ಬಾರಿಸು, ಬಿಡತೈತಿ, ತಿಳೀತ?’ ಬಾರಿಸಿದರೆ ಬಿಡುತ್ತಿರಲಿಲ್ಲ. ಹುಡುಗರು ಹೆದರಿ ‘ಬಿಡ್ತ್ರಿ’ ಅನ್ನುತ್ತಿದ್ದರು, ಅಷ್ಟೇ. ನಾನು ಅವರ ಹಿಂದೆ ನಿಂತು ಅದೇ ದನಿಯಲ್ಲಿ ‘ಹಿಡದದ್ದು ಬಿಡತೈತಿ, ಬಿಟ್ಟದ್ದು ಹಿಡಿತೈತಿ, ತಿಳೀತ?’ ಅಂದು ಎಲ್ಲರನ್ನೂ ನಗಿಸುತ್ತಿದ್ದೆ. ಅಣಕಿಸುತ್ತಿದ್ದೆ, ಟವೆಲ್ಲನ್ನೂ ಬಾರಿಸುತ್ತಿದ್ದೆ. ಎರಡನ್ನೂ ಒಟ್ಟಿಗೆ ಮಾಡುವವನಿಗೆ ಏನನ್ನಬೇಕೋ ನೀವೇ ಹೇಳಿ.

ಸ್ವಂತ ಬುದ್ಧಿ ಉಪಯೋಗಿಸಿದ್ದು ಹಾನಗಲ್ಲಿನಲ್ಲಿ. ಬೆವರಿನ ಜೊತೆ ಉಪ್ಪು ಹೋಗುತ್ತದೆ, ಅದಕ್ಕೇ ಕಾಲು ಹಿಡಿಯುತ್ತದೆ ಅಂತ ಎಲ್ಲೋ ಓದಿದ್ದೆ. ಓದಿದ್ದು ಅರ್ಧ, ಮಾಡಿದ್ದು ಎರಡು ಪಟ್ಟು. ಒಂದು ಬಕೆಟ್ ನೀರಿಗೆ ಕೈಗೆ ಬಂದಷ್ಟು ಉಪ್ಪು ಸುರಿದು, ಓಟಕ್ಕೆ ಮೊದಲು ತಲೆಗೆ ಎರಡು ತಂಬಿಗೆ ಅಂತ ಕುಡಿಸಿದೆ. ಮೂರನೇ ಸುತ್ತಿಗೆ ಇಡೀ ಬ್ಯಾಚು ಬೇಲಿಗೆ ಸಾಲಾಗಿ ಬಗ್ಗಿ ನಿಂತು ವಾಂತಿ ಮಾಡಿಕೊಂಡಿತು. ಆಡೂರಿನ ಒಬ್ಬ ಹುಡುಗ ಬಾಯಿ ಒರೆಸಿಕೊಂಡು, ‘ಸರ್, ಇದು ನಮಗ ಮಾಡಿದ ನೀರೋ, ಉಪ್ಪಿನಕಾಯಿಗೆ ಮಾಡಿದ್ದೋ?’ ಅಂದ. ಆ ಬಕೆಟ್ಟಿಗೆ ಬಹಳ ದಿನ ಉಪ್ಪಿನಕಾಯಿ ಬಕೆಟ್ ಅಂತಲೇ ಹೆಸರಿತ್ತು.

ಹಿರೇಕೆರೂರಿನಲ್ಲಿ ನಡೆದದ್ದು ನಗುವ ವಿಷಯವಲ್ಲ. ಮಾಸೂರಿನಿಂದ ಬರುತ್ತಿದ್ದ ಒಬ್ಬ ಹುಡುಗ ಗದ್ದೆಯ ಕೆಲಸ ಹೆಚ್ಚಾಗಿ ಮೂರು ವಾರ ತಪ್ಪಿಸಿದ. ಬಂದ ದಿನ ನಾನು ಅವನನ್ನು ಎರಡು ಪಟ್ಟು ಸುತ್ತು ಓಡಿಸಿ, ಮೇಲೆ ಶಿಕ್ಷೆ ಅಂತ ಬಸ್ಕಿ ಹೊಡೆಸಿದೆ. ಎಷ್ಟು ಅಂತ ನಾನು ಎಣಿಸಲಿಲ್ಲ, ಅವನು ಎಣಿಸಿದ್ದ. ಎರಡನೇ ದಿನ ಅವನ ತೊಡೆಗಳು ಬಾತು ಮರದಂತಾಗಿದ್ದವು. ಕೂತರೆ ಏಳಲು ಆಗುತ್ತಿರಲಿಲ್ಲ. ನಾನು ಎಣ್ಣೆ ಬಿಸಿ ಮಾಡಿ ತಿಕ್ಕಲು ಹೊರಟಿದ್ದೆ. ಅವನು ನಾಚಿಕೊಂಡು, ‘ಸರ್, ಉಚ್ಚಿ ಕರೀ ಚಾದ ಬಣ್ಣ ಹೊಂಟೈತ್ರಿ’ ಅಂದ. ಹೆದರಿ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಕೂಡಲೇ ಮಲಗಿಸಿ ಸಲಾಯಿನ್ ಹಚ್ಚಿದರು. ‘ಬರೇ ಕಾಲು ಹಿಡಿದಿದ್ದರೆ ನಿಮಿಷಗಳಲ್ಲಿ ಬಿಡುತ್ತದೆ. ಇದು ಸ್ನಾಯು ಒಡೆದು ರಕ್ತಕ್ಕೆ ಸೇರಿದ್ದು. ಇನ್ನೊಂದು ದಿನ ತಡ ಮಾಡಿದ್ದರೆ ಮೂತ್ರಪಿಂಡಕ್ಕೆ ಬರುತ್ತಿತ್ತು’ ಅಂದರು. ಹುಡುಗ ಉಳಿದ. ಬಸ್ಕಿಯ ಶಿಕ್ಷೆಯನ್ನು ನಾನು ಅಂದೇ ಬಿಟ್ಟೆ. ನೀವು ಶುರು ಮಾಡಲೇಬೇಡಿ.

ಇನ್ನು ಶಿಗ್ಗಾವಿ.

ಸುಜಾತಾ ದುಂಡಸಿಯಿಂದ ಸಂಜೆ ಬಸ್ಸಿಗೆ ಬರುತ್ತಿದ್ದಳು. ಗಂಡ ಪ್ರಕಾಶ ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಒಬ್ಬ ಮಗಳು. ಹಗಲೆಲ್ಲ ಮಂದಿಯ ಹೊಲದಲ್ಲಿ ಕಳೆ ತೆಗೆದು, ಕೈಕಾಲಿನ ಮಣ್ಣು ತೊಳೆದುಕೊಂಡು ನೇರ ಮೈದಾನಕ್ಕೆ. ಅರಣ್ಯ ಕಾವಲಿನ ಹುದ್ದೆಗೆ ಅರ್ಜಿ ಹಾಕಿದ್ದಳು. ಓಟವೊಂದನ್ನು ದಾಟಿದರೆ ಕೆಲಸ ಸಿಕ್ಕಂತೆಯೇ, ಅಂಕಗಳು ಅಷ್ಟು ಚೆನ್ನಾಗಿದ್ದವು. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಯಾಕೆ ಇಷ್ಟು ಹಟ ಅಂತ ಯಾರೋ ಕೇಳಿದಾಗ ಅವಳು ಹೇಳಿದ್ದು ನಾನು ಕೇಳಿಸಿಕೊಂಡಿದ್ದೆ: ‘ಹೊಲದಾಗ ನನಗ ಹೆಸರಿಲ್ಲರಿ. ಏ ಇಕಿ, ಏ ಅಕಿ ಅಂತಾರ. ಎದಿ ಮ್ಯಾಲ ಹೆಸರು ಬರದ ಅಂಗಿ ಹಾಕ್ಕೊಬೇಕಂತ ಆಸೆ.’

ಪರೀಕ್ಷೆಯ ಓಟವೆಂದರೆ ಮೈದಾನಕ್ಕೆ ಏಳೂವರೆ ಸುತ್ತು. ಐದು ಸುತ್ತಿನವರೆಗೆ ಅವಳು ಜಿಂಕೆ. ಆರನೆಯದರಲ್ಲಿ ಬಲಗಾಲು ಹಿಡಿಯುತ್ತಿತ್ತು. ಮೊದಲ ಸಲ ಅಯ್ಯೋ ಅಂದೆ, ನಾಲ್ಕನೇ ಸಲಕ್ಕೆ ನನ್ನೊಳಗಿನ ಕಬಡ್ಡಿ ಆಟಗಾರ ಎದ್ದು ಕುಳಿತ. ದಿನಾ ಅದೇ ಸುತ್ತಿಗೆ, ಅದೇ ಕಾಲು. ನಾನು ಹೀಗೆಯೇ ಮಾಡುತ್ತಿದ್ದೆನಲ್ಲ! ತಾನು ಕಳ್ಳ, ಪರರ ನಂಬ. ಹನ್ನೊಂದು ದಿನ ಉಳಿದಿದ್ದಾಗ ಅವಳು ಮತ್ತೆ ಕುಳಿತಳು.

‘ಏಳ ಏಳ, ನಾಟಕ ಸಾಕು! ನಾಟಕದೊಳಗ ನಾನು ನಿನಗ ಅಜ್ಜ!’ ಅಂದವನೇ ಅಲ್ಲೇ ಬಿದ್ದು ಅವಳಂತೆ ಒದ್ದಾಡಿ ತೋರಿಸಿದೆ. ಉಳಿದದ್ದನ್ನು ಮೊದಲೇ ಹೇಳಿದ್ದೇನೆ.

ಹರಿದ ಕಾಲಿಗೆ ಹಾನಗಲ್ಲಿನ ಫಿಜಿಯೋಥೆರಪಿ ಮೇಡಂ ಆರೇಳು ವಾರ ವಿಶ್ರಾಂತಿ ಹೇಳಿದರು. ಆ ಸಲದ ಪರೀಕ್ಷೆ ಹೋಯಿತು. ಮೇಡಂ ಬೈಯುವವರಲ್ಲ. ‘ಹಿಡಿದಾಗ ನೀವು ಏನು ಮಾಡುತ್ತೀರಿ, ತೋರಿಸಿ’ ಅಂದರು. ಟವೆಲ್ ಬೀಸುವ ಕೈಯನ್ನು ತೋರಿಸಿದೆ. ಅವರು ನನ್ನನ್ನೇ ಮಂಚದ ಮೇಲೆ ಮಲಗಿಸಿ ಕಲಿಸಿದರು. ಮೀನಖಂಡ ಹಿಡಿದರೆ ಓಟ ನಿಲ್ಲಿಸಿ. ಮೊಣಕಾಲು ನೆಟ್ಟಗೆ ಚಾಚಿ. ಪಾದದ ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ. ಜಗ್ಗಬೇಡಿ, ಕುಣಿಸಬೇಡಿ. ಮೂವತ್ತು ಎಣಿಸಿ. ಗಂಟು ಸಡಿಲವಾದ ಮೇಲೆ ಅಂಗೈಯಿಂದ ನೀವಿ, ನಾಲ್ಕು ಹೆಜ್ಜೆ ನಡೆಸಿ. ಬಿಡದಿದ್ದರೆ ಮತ್ತೊಮ್ಮೆ. ಅಭ್ಯಾಸದ ದಿನವಾದರೆ ಅವತ್ತಿಗೆ ಸಾಕು. ಹತ್ತು ವರ್ಷದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಇಷ್ಟೇ, ಇದಕ್ಕೆ ಹಿಡಿಯುವ ಸಮಯ ಅರ್ಧ ನಿಮಿಷ.

ಸುಜಾತಾ ಮತ್ತೆ ಬರುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ. ಎರಡು ತಿಂಗಳಾದ ಮೇಲೆ ಒಂದು ಸಂಜೆ ಬಂದು ಸಾಲಿನ ಕೊನೆಗೆ ನಿಂತಳು. ನಾನು ತಡವರಿಸಿ, ‘ಅಕ್ಕಾರ, ಮತ್ತ ನಮ್ಮ ಕಡೇನ ಬಂದ್ರಿ?’ ಅಂದೆ.

‘ದುಂಡಸಿ ಬಸ್ಸು ಇಲ್ಲೇ ನಿಂದರತೈತ್ರಿ ಸರ್’ ಅಂದಳು. ಅಷ್ಟೇ.

ಮುಂದಿನ ನೇಮಕಾತಿಯ ಕರೆ ಯಾವಾಗ ಬರುತ್ತದೋ ಗೊತ್ತಿರಲಿಲ್ಲ, ಆದರೆ ಅವಳ ವಯಸ್ಸಿಗೆ ಅದೇ ಕೊನೆಯದು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ನಾನು ಒಂದು ನೋಟ್‌ಬುಕ್ ಇಟ್ಟೆ. ಕಾಲು ಹಿಡಿದ ದಿನಕ್ಕೆ ಕೆಂಪು ಗೆರೆ. ಮಳೆಗಾಲದ ಮೊದಲ ವಾರಗಳಲ್ಲಿ ಪುಟ ಪೂರ್ತಿ ಕೆಂಪು. ಮೇಡಂ ಹೇಳಿದಂತೆ ಗೋಡೆಗೆ ಕೈಕೊಟ್ಟು ಹಿಮ್ಮಡಿ ಊರಿ ಮೀನಖಂಡ ಚಾಚುವುದು, ಮೆಟ್ಟಿಲ ತುದಿಯಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಇವನ್ನು ಶುರು ಮಾಡಿಸಿದೆ. ಆಮೇಲೆ ಕೆಂಪು ಕಡಿಮೆಯಾಗುತ್ತ ಬಂದು ನಿಂತೇ ಹೋಯಿತು. ಎರಡು ತಿಂಗಳು ಒಂದು ಗೆರೆಯೂ ಇಲ್ಲ! ನಾನು ನಾಲ್ಕೂ ಊರಿಗೆ ಡಂಗುರ ಹೊಡೆದೆ. ಮೇಡಂ ಕಲಿಸಿದ್ದಕ್ಕೆ ‘ನನ್ನ ಪದ್ಧತಿ’ ಅಂತ ಹೆಸರಿಟ್ಟೆ. ದೊಡ್ಡ ಸರ್ ಕೂಡ, ‘ನಮ್ಮ ಕೇಂದ್ರದ ಪದ್ಧತಿ, ತಿಳೀತ?’ ಅನ್ನತೊಡಗಿದರು.

ದೀಪಾವಳಿ ಕಳೆದದ್ದೇ ತಡ, ಕೆಂಪು ಗೆರೆ ವಾಪಸು ಬಂತು. ಅದೇ ಗೋಡೆ, ಅದೇ ಮೆಟ್ಟಿಲು, ಅದೇ ಆರನೇ ಸುತ್ತು. ನನಗೆ ಅವಮಾನವಾಯಿತು. ಅವಳ ಕಾಲಿಗಿಂತ ನನ್ನ ಪದ್ಧತಿಯ ಚಿಂತೆ ಹೆಚ್ಚಾಯಿತು.

‘ಅಕ್ಕಾರ, ದಿನಾ ಹೇಳಾಕತ್ತೇನಿ, ಹಗಲೊತ್ತು ನೀರು ಕುಡೀರಿ ಅಂತ. ಕುಡೀತೀರೇನಿಲ್ಲ?’

‘ಇಲ್ರಿ.’

ಇಷ್ಟು ದಿನ ಹೂಂ ಅಂದವಳು ಇವತ್ತು ನೇರ ಇಲ್ಲ ಅಂದಳು. ‘ಯಾಕ್ರಿ? ನೀರು ಕುಡಿಯಾಕ ಏನು ಧಾಡಿ?’ ಅಂದೆ.

ಅವಳು ಸುತ್ತ ನೋಡಿ, ಹುಡುಗರು ದೂರ ಇದ್ದಾರೆ ಅಂತ ಖಾತ್ರಿ ಮಾಡಿಕೊಂಡಳು. ‘ಕುಡೀಬಹುದ್ರಿ ಸರ್. ಕುಡದ ಮ್ಯಾಲ ಎಲ್ಲಿಗಿ ಹೋಗ್ಲಿ?’

ನನಗೆ ತಿಳಿಯಲಿಲ್ಲ. ಅದು ನನ್ನ ಮುಖದಲ್ಲೇ ಕಂಡಿರಬೇಕು. ಮಗುವಿಗೆ ಹೇಳುವಂತೆ ಬಿಡಿಸಿ ಹೇಳಿದಳು.

‘ಗೋವಿನಜೋಳ ಎದಿಮಟ ಬೆಳದಾಗ ಚೊಲೋರಿ, ಮರೆ ಇರತೈತಿ. ನೀರೂ ಕುಡೀತೇವಿ, ಹೋಗಿನೂ ಬರತೇವಿ. ಗೋವಿನಜೋಳ ಕಿತ್ತು ಕಡ್ಲಿ ಬಿತ್ತಿದ್ರ ಮುಗೀತು. ಕಡ್ಲಿ ಹೊಲದಾಗ ಮೊಲಾನೂ ಕಾಣತೈತಿ. ಅದಕ್ಕ ಮುಂಜಾನಿಂದ ಬಾಯಿ ಒಣಗಿಸಿಕೊಂಡ ದುಡೀತೇವ್ರಿ. ನಾ ಒಬ್ಬಾಕಿ ಅಲ್ಲ, ಎಲ್ಲಾ ಹೆಣ್ಣಮಕ್ಕಳೂ. ಇಲ್ಲಿಗಿ ಬಂದ್ರ ಇಲ್ಲೆರ ಏನೈತ್ರಿ? ನಾಕು ಕಡೆ ಬಯಲು.’

ಮನೆಗೆ ಹೋಗಿ ನೋಟ್‌ಬುಕ್ ತೆರೆದೆ. ಕೆಂಪು ಗೆರೆ ಇಲ್ಲದ ಎರಡು ತಿಂಗಳು ಯಾವುವು ಅಂತ ನೋಡಿದೆ. ಗೋವಿನಜೋಳ ಆಳೆತ್ತರ ನಿಂತ ತಿಂಗಳುಗಳು. ನನ್ನ ಪದ್ಧತಿ ಅಂತ ನಾಲ್ಕು ಊರಿನಲ್ಲಿ ಮೆರೆಸಿದ್ದರಲ್ಲಿ ಆ ಬೆಳೆಯ ಪಾಲೆಷ್ಟು ಅಂತ ನಾನು ಕೇಳಿಯೇ ಇರಲಿಲ್ಲ. ನಮ್ಮವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ‘ಇದು ನಿನಗ ಈಗ ತಿಳೀತ?’ ಅಂದಳು. ಅವ್ವ ಯಾರನ್ನೂ ಅಣಕಿಸುತ್ತಿರಲಿಲ್ಲ. ಆದರೂ ದೊಡ್ಡ ಸರ್ ಬಂದು ನಿಂತಂತಾಯಿತು.

ಫಿಜಿಯೋಥೆರಪಿ ಮೇಡಂ ಹತ್ತಿರ ಓಡಿದೆ. ಅವರು ನನ್ನ ಹೊಸ ಹುರುಪಿಗೂ ಲಗಾಮು ಹಾಕಿದರು. ‘ಈಗ ನೀರೊಂದೇ ಕಾರಣ ಅಂತ ಊರೂರು ಸಾರಬೇಡಿ. ಕಾಲು ಹಿಡಿಯುವುದಕ್ಕೆ ಒಂದೇ ಕಾರಣ ಇರುವುದಿಲ್ಲ, ಎಲ್ಲ ಕಾರಣ ನಮಗೂ ತಿಳಿದಿಲ್ಲ. ಹಗಲೆಲ್ಲ ದುಡಿದು ದಣಿದ ಸ್ನಾಯುವನ್ನು ಸಂಜೆ ವೇಗವಾಗಿ ಓಡಿಸುತ್ತೀರಿ. ಅದೇ ದೊಡ್ಡ ಕಾರಣ. ಬಾಯಿ ಒಣಗಿದ್ದರೆ ಅದಕ್ಕೆ ಇನ್ನಷ್ಟು ಕಷ್ಟ’ ಅಂದರು.

ಹಾಗಾಗಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಬದಲಿಸಿದೆವು. ಅವಳ ಓಟ ಸಂಜೆಯಿಂದ ಮುಂಜಾನೆಗೆ ಬಂತು, ಹೊಲಕ್ಕೆ ಹೋಗುವ ಮೊದಲು. ಪ್ರಕಾಶ ಆಟೋದಲ್ಲಿ ಕರೆತಂದು ಬಿಡುತ್ತಿದ್ದ. ವಾರಕ್ಕೆ ಆರು ದಿನದ ಬದಲು ಮೂರು ದಿನ ಓಟ, ಒಂದು ದಿನ ಬರೇ ನಡಿಗೆ. ಸುತ್ತು ಹೆಚ್ಚಿಸುವುದು ವಾರಕ್ಕೆ ಒಂದಿಷ್ಟೇ. ಓಡುವ ಮೊದಲು ಕಾಲು ಬಿಸಿಯಾಗುವಷ್ಟು ನಿಧಾನದ ಹೆಜ್ಜೆ. ಮೊದಲೆರಡು ಸುತ್ತಿನಲ್ಲಿ ಜಿಂಕೆಯಾಗಬಾರದು ಅನ್ನುವುದೊಂದು ಕಟ್ಟಪ್ಪಣೆ. ಊಟದ ಜೊತೆ ಮಜ್ಜಿಗೆ, ಉಪ್ಪು ನಾಲಿಗೆಗೆ ರುಚಿಯಾಗುವಷ್ಟು ಮಾತ್ರ. ಬಕೆಟ್ಟಿನಷ್ಟಲ್ಲ. ಹೊಲದಲ್ಲಿ ಮರೆಗೆ ನಾನು ಉಪಾಯ ಹೇಳಬೇಕಾಗಲಿಲ್ಲ. ಅವಳು ಮಾತು ತೆಗೆದ ಮೇಲೆ ಅವಳ ಜೊತೆಗಾತಿಯರೇ ಬದುವಿನ ಮೂಲೆಯಲ್ಲಿ ನಾಲ್ಕು ಬಿದಿರ ಗಳ ನೆಟ್ಟು ಹಳೆಯ ಸೀರೆ ಸುತ್ತಿ ಮರೆ ಮಾಡಿಕೊಂಡರು.

ಮೈದಾನದ ಮಾತು ಉಳಿಯಿತು. ದೊಡ್ಡ ಸರ್‌ಗೆ ಹೇಳಿದೆ. ‘ಮಂದಿ ಇಲ್ಲಿಗಿ ಓಡಾಕ ಬರ್ತಾರ. ಇದೆಲ್ಲಾ ಟ್ರೇನಿಂಗಿನ್ಯಾಗ ಬರಂಗಿಲ್ಲ, ತಿಳೀತ?’ ಅಂದರು. ಹತ್ತು ವರ್ಷದಲ್ಲಿ ಮೊದಲ ಸಲ ನಾನು ಅವರ ಎದುರಿಗೇ, ಅವರದಲ್ಲದ ದನಿಯಲ್ಲಿ, ‘ತಿಳೀಲಿಲ್ರಿ ಸರ್’ ಅಂದೆ. ಪಕ್ಕದ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಕಂಡು ಹೆಣ್ಣುಮಕ್ಕಳ ಶೌಚಾಲಯದ ಬೀಗದ ಕೈ ಕೇಳಿದೆ. ಅವರು ಒಂದು ಮಾತೂ ಕೇಳದೆ ಕೊಟ್ಟರು. ಆ ಕೀಲಿ ನನ್ನ ಸೀಟಿಯ ದಾರದಲ್ಲೇ ಇರುತ್ತಿತ್ತು. ಸೀಟಿಯನ್ನು ಕೇಂದ್ರದವರು ವಾಪಸು ತೆಗೆದುಕೊಂಡರು, ಕೀಲಿಯನ್ನು ಬ್ಯಾಚಿನ ಹೆಣ್ಣುಮಕ್ಕಳ ಕೈಗೆ ಕೊಟ್ಟು ಬಂದಿದ್ದೇನೆ. ಹೊಸಬರು ಮೊದಲು ಅದನ್ನು ವಿಚಾರಿಸಿ.

ಕರೆ ಬಂತು. ಓಟ ಹಾವೇರಿಯಲ್ಲಿ. ನಾನು, ಪ್ರಕಾಶ, ದೊಡ್ಡ ಸರ್ ಬೇಲಿಯ ಹೊರಗೆ. ಐದು ಸುತ್ತು ಅವಳು ನಡುವಿನ ಗುಂಪಿನಲ್ಲಿ ಸಮನಾಗಿ ಓಡಿದಳು. ಆರನೆಯದರ ತಿರುವಿನಲ್ಲಿ ಬಲಗಾಲು ಒಂದು ಹೆಜ್ಜೆ ಎಡವಿದಂತೆ ಬಿತ್ತು. ಎಷ್ಟೇ ಮಾಡಿದರೂ ಹಿಡಿಯುವ ದಿನ ಹಿಡಿಯುತ್ತದೆ. ಅದನ್ನೂ ತಿಳಿದಿರಿ.

ಅವಳು ನಿಂತುಬಿಟ್ಟಳು. ಓಟದ ಪಟ್ಟಿಯ ಅಂಚಿಗೆ ಸರಿದು ಕುಳಿತು, ಮೊಣಕಾಲು ಚಾಚಿ, ಬೂಟಿನ ತುದಿಯನ್ನು ಎರಡೂ ಕೈಯಿಂದ ತನ್ನ ಕಡೆಗೆ ಹಿಡಿದಳು. ಹಿಂದಿದ್ದವರು ಒಬ್ಬೊಬ್ಬರಾಗಿ ದಾಟಿ ಹೋದರು.

‘ಏಳಂತ ಹೇಳಲೇ! ಒದರೋ, ನಿನ್ನ ಮಾತು ಕೇಳತಾಳ!’ ದೊಡ್ಡ ಸರ್ ನನ್ನ ತೋಳು ಅಲುಗಾಡಿಸಿದರು.

ನಾನು ಒದರಲಿಲ್ಲ. ಒಳಗೇ ಎಣಿಸತೊಡಗಿದೆ. ಹತ್ತು. ಹದಿನೈದು. ಪ್ರಕಾಶ ಬೇಲಿಯ ತಂತಿ ಹಿಡಿದು ಕಣ್ಣು ಮುಚ್ಚಿದ್ದ. ಇಪ್ಪತ್ತು. ಇಪ್ಪತ್ತೆಂಟಕ್ಕೆ ಏಳುತ್ತಾಳೇನೋ ಅಂತ ನೋಡಿದೆ. ಏಳಲಿಲ್ಲ. ಮೂವತ್ತು ಮುಗಿದ ಮೇಲೆಯೇ ಕೈಬಿಟ್ಟಳು. ಅಂಗೈಯಿಂದ ಒಮ್ಮೆ ನೀವಿ, ಎದ್ದು, ನಾಲ್ಕು ಹೆಜ್ಜೆ ನಡೆದು, ಮತ್ತೆ ಓಡಿದಳು. ಜಿಂಕೆಯಂತೆ ಅಲ್ಲ. ಸಾಮಾನು ಹೊತ್ತವರು ಮನೆ ಮುಟ್ಟುವಂತೆ. ಗಡಿಯಾರ ನಿಲ್ಲಲು ಒಂಬತ್ತು ಸೆಕೆಂಡು ಉಳಿದಿರುವಾಗ ಗೆರೆ ದಾಟಿದಳು.

ದೊಡ್ಡ ಸರ್ ಎಲ್ಲರಿಗೂ ‘ನಮ್ಮ ಪದ್ಧತಿ, ತಿಳೀತ?’ ಅಂತ ಹೇಳುತ್ತ ಚಹಾದಂಗಡಿ ಕಡೆ ಹೋದರು. ಸುಜಾತಾ ಬೇವಿನ ಮರದ ಕೆಳಗೆ ಕಾಲು ಚಾಚಿ ಕುಳಿತಿದ್ದಳು. ಪ್ರಕಾಶ ಅವಳ ಪಾದ ಹಿಡಿದು, ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಒತ್ತುತ್ತಿದ್ದ. ಅವತ್ತು ಶಿಗ್ಗಾವಿಯಲ್ಲಿ ಬಿದ್ದು ಒದ್ದಾಡಿದ್ದಕ್ಕೆ ನಾನು ಅವಳ ಕ್ಷಮೆ ಕೇಳಿಯೇ ಇರಲಿಲ್ಲ. ಈಗ ಕೇಳಬೇಕು ಅಂತ ಎದುರಿಗೆ ಕುಳಿತೆ. ಕುಳಿತ ಮೇಲೆ ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಯಾವಾಗಲೂ ಮಾಡುವುದನ್ನೇ ಮಾಡಿದೆ. ಎದೆ ಉಬ್ಬಿಸಿ, ಗಂಟಲಿನಲ್ಲಿ ಉಸುಕು ತುಂಬಿಕೊಂಡು, ಥೇಟ್ ದೊಡ್ಡ ಸರ್ ದನಿಯಲ್ಲಿ, ‘ಅಕ್ಕಾರ, ಅವತ್ತ ನಮ್ದು ತಪ್ಪಾತು, ತಿಳೀತ?’ ಅಂದೆ.

ಪ್ರಕಾಶ ನಕ್ಕುಬಿಟ್ಟ. ಅವಳು ನಗಲಿಲ್ಲ. ಗಂಡನ ಕೈಯಿಂದ ಕಾಲು ಬಿಡಿಸಿಕೊಂಡು, ಬೂಟಿನ ದಾರ ಬಿಗಿದು, ನನ್ನ ಮುಖ ನೋಡಿದಳು.

‘ತಪ್ಪು ಮಾಡಿದವರು ದೊಡ್ಡ ಸರ್ ಅಲ್ಲರಿ. ನಿಮ್ಮ ದನೀಲೆ ಹೇಳ್ರಿ, ಕೇಳತೇನಿ.’